ಪ್ರೊಸೆಸರಿನ ನೆತ್ತಿಗೆ ವಾಟರ್ ಪೇಪರ್

ಬೇಸಿಗೆ ಬಂತೆಂದರೆ ಕಲಬುರಗಿಯ ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲಿ, ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೋಣೆಗಳಲ್ಲಿ ಒಂದು ಸಲಹೆ ಓಡಾಡತೊಡಗುತ್ತದೆ: ಪ್ರೊಸೆಸರಿನ ಮೇಲ್ಮೈಯನ್ನು ವಾಟರ್ ಪೇಪರಿನಿಂದ, ಅಂದರೆ ನೀರು ಹಾಕಿ ಉಜ್ಜುವ ಸ್ಯಾಂಡ್ ಪೇಪರಿನಿಂದ, ಉಜ್ಜಿ, ಮುಖ ಕಾಣುವಷ್ಟು ಹೊಳಪು ಬರಿಸಿದರೆ ಅದು 15 ಡಿಗ್ರಿ ತಂಪಾಗುತ್ತದಂತೆ. ಉಜ್ಜುವುದರಲ್ಲಿ ಹುರುಳಿದೆ, ಹೊಳಪಿನಲ್ಲಿ ಇಲ್ಲ. ಈ ಎರಡನ್ನೂ ಒಂದೇ ಎಂದು ತಿಳಿದವರು ತಾಸುಗಟ್ಟಲೆ ಬೆವರು ಸುರಿಸಿ, ವಾರಂಟಿಯನ್ನೂ ಕಳೆದುಕೊಂಡು, ಕೊನೆಗೆ ಮೊದಲಿಗಿಂತ ಹೆಚ್ಚು ಬಿಸಿಯಾಗುವ ಪ್ರೊಸೆಸರನ್ನು ಎದುರಿಟ್ಟುಕೊಂಡು ಕೂರುವುದುಂಟು.

ನಮ್ಮ ಕಣ್ಣಿಗೆ ಬೀಳುವ ಮೇಲ್ಮೈ ಲೆಕ್ಕ ಮಾಡುವ ಸಿಲಿಕಾನ್ ಚಿಪ್ ಅಲ್ಲ, ಅದನ್ನು ಮುಚ್ಚಿರುವ ನಿಕಲ್ ಲೇಪಿತ ತಾಮ್ರದ ಮುಚ್ಚಳ. ಅದರ ಮೇಲೆ ಹೀಟ್ ಸಿಂಕಿನ, ಅಂದರೆ ಶಾಖವನ್ನು ಹೀರಿ ಗಾಳಿಗೆ ಬಿಡುವ ರೆಕ್ಕೆಗಳುಳ್ಳ ಲೋಹದ ತುಂಡಿನ, ತಳ ಕೂರುತ್ತದೆ. ಎರಡೂ ಗಟ್ಟಿ ಲೋಹಗಳಾದ್ದರಿಂದ ಒಂದಕ್ಕೊಂದು ಅಂಟಿಕೊಂಡಿವೆ ಎಂದು ನಮಗೆ ತೋರುತ್ತದೆ. ಆದರೆ ಕೇಂಬ್ರಿಜ್‌ನ ವಿಜ್ಞಾನಿಗಳಾದ ಬೌಡನ್ ಮತ್ತು ಟೇಬರ್ 1939ರಲ್ಲಿ, ಒತ್ತಿ ಹಿಡಿದ ಲೋಹಗಳ ನಡುವೆ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆಂದು ಅಳೆದು, ಅವು ನಿಜಕ್ಕೂ ಮುಟ್ಟಿಕೊಳ್ಳುವುದು ಕಾಣುವ ವಿಸ್ತೀರ್ಣದ ಅತ್ಯಲ್ಪ ಭಾಗದಲ್ಲಿ ಮಾತ್ರ ಎಂದು ತೋರಿಸಿಕೊಟ್ಟರು. ಉಳಿದೆಡೆಯೆಲ್ಲ ಗಾಳಿ ತುಂಬಿರುತ್ತದೆ. ತಾಮ್ರದ ಉಷ್ಣವಾಹಕತೆ ಮೀಟರ್-ಕೆಲ್ವಿನ್ನಿಗೆ ಸುಮಾರು 400 ವಾಟ್ ಆದರೆ ಗಾಳಿಯದು ಬರೀ 0.026; ಅಂದರೆ ಗಾಳಿ ತಾಮ್ರಕ್ಕಿಂತ ಹದಿನೈದು ಸಾವಿರ ಪಟ್ಟು ಮೈಗಳ್ಳ. ಇವೆರಡರ ನಡುವೆ ಥರ್ಮಲ್ ಪೇಸ್ಟ್ ಎಂಬ ಲೇಪ ಹಚ್ಚುವುದು ಈ ಗಾಳಿಯನ್ನು ಹೊರದೂಡುವುದಕ್ಕೇ ಹೊರತು, ಅದು ಲೋಹಕ್ಕಿಂತ ಒಳ್ಳೆಯ ವಾಹಕವೆಂದಲ್ಲ.

ಲೆಕ್ಕ ಹಾಕಿ ನೋಡೋಣ. 150 ವಾಟ್ ಶಾಖ 4 ಚದರ ಸೆಂಟಿಮೀಟರಿನ ಮೂಲಕ ಹೊರಬರುತ್ತಿದೆ, ಮುಚ್ಚಳಕ್ಕೂ ಹೀಟ್ ಸಿಂಕಿಗೂ ನಡುವೆ 100 ಮೈಕ್ರಾನ್ (ಮಿಲಿಮೀಟರಿನ ಹತ್ತನೇ ಒಂದು ಭಾಗ) ದಪ್ಪದ, ಮೀಟರ್-ಕೆಲ್ವಿನ್ನಿಗೆ 5 ವಾಟ್ ವಾಹಕತೆಯ ಪೇಸ್ಟ್ ಇದೆ ಎನ್ನಿ. ಆ ಒಂದು ಪದರದಲ್ಲೇ 7.5 ಡಿಗ್ರಿ ವ್ಯತ್ಯಾಸ ಉಂಟಾಗುತ್ತದೆ. ಪೇಸ್ಟನ್ನು 20 ಮೈಕ್ರಾನಿಗೆ ಇಳಿಸಿದರೆ ಅದು 1.5 ಡಿಗ್ರಿಗೆ ಇಳಿಯುತ್ತದೆ. ಉಜ್ಜಾಟದಿಂದ ಸಿಗಬಹುದಾದ ಲಾಭವೆಲ್ಲ ಈ 6 ಡಿಗ್ರಿಯೊಳಗೆ ಅಡಗಿದೆ, ಅದೂ ಮುಚ್ಚಳ ಅಷ್ಟೊಂದು ಡೊಂಕಾಗಿದ್ದರೆ ಮಾತ್ರ. ಪೇಸ್ಟಿನ ಜಾಗದಲ್ಲಿ 50 ಮೈಕ್ರಾನ್ ಗಾಳಿಯೊಂದೇ ಇದ್ದಿದ್ದರೆ ವ್ಯತ್ಯಾಸ 700 ಡಿಗ್ರಿ ದಾಟಬೇಕಾಗುತ್ತಿತ್ತು. ಪ್ರೊಸೆಸರ್ ಅಲ್ಲಿಯವರೆಗೆ ಕಾಯದೆ ತಾನೇ ಬಂದ್ ಆಗುತ್ತದೆನ್ನುವುದು ಬೇರೆ ಮಾತು.

ಪೇಸ್ಟಿನ ಪದರ ತೆಳುವಾಗಲು ಬೇಕಾದದ್ದು ಸಮತಟ್ಟು, ನುಣುಪಲ್ಲ. ಬೀದರಿನ ಕುಶಲಕರ್ಮಿಗಳು ಸತು-ತಾಮ್ರದ ಎರಕದ ಹೂಜಿಯನ್ನು ಅರದಿಂದ ತೀಡಿ, ಸ್ಯಾಂಡ್ ಪೇಪರಿನಿಂದ ಉಜ್ಜಿ ಕೈ ಜಾರುವಷ್ಟು ನುಣುಪು ಮಾಡುತ್ತಾರೆ. ಆದರೆ ಆ ಬಿದರಿ ಹೂಜಿಯ ಹೊಟ್ಟೆ ಗುಂಡಗೇ ಉಳಿಯುತ್ತದೆ, ಅದರ ಮೇಲೊಂದು ಹಲಗೆಯಿಟ್ಟರೆ ಒಂದೇ ಕಡೆ ತಾಗುತ್ತದೆ. ಕೈಯಲ್ಲಿ ಹಿಡಿದು ಉಜ್ಜಿದ ಪ್ರೊಸೆಸರಿಗೂ ಇದೇ ಗತಿ. ಬೆರಳಿನ ಒತ್ತಡ ಸರಿಯುತ್ತ ಹೋದಂತೆ ಮುಂದಿನ ಅಂಚು ಕಾಗದಕ್ಕೆ ಮೊದಲು ಕಚ್ಚಿ ಹೆಚ್ಚು ಸವೆಯುತ್ತದೆ. ನಡುಭಾಗ ಉಬ್ಬಿ, ಥಳಥಳಿಸುವ ಗುಮ್ಮಟವೊಂದು ಸಿದ್ಧವಾಗುತ್ತದೆ.

ಸಮತಟ್ಟು ಎಂಬುದನ್ನು ಶೂನ್ಯದಿಂದ ಹುಟ್ಟಿಸುವುದು ಹೇಗೆ ಎಂಬ ಪ್ರಶ್ನೆಗೆ ಯಂತ್ರಶಿಲ್ಪದ ಚರಿತ್ರೆಯಲ್ಲಿ ಅತ್ಯಂತ ಸೊಗಸಾದ ಉತ್ತರವೊಂದಿದೆ, ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಎರಡು ಲೋಹದ ಫಲಕಗಳನ್ನು ಒಂದಕ್ಕೊಂದು ಹೊಂದಿಸಿದರೆ ಸಾಲದು, ಏಕೆಂದರೆ ಒಂದು ಉಬ್ಬಿ, ಇನ್ನೊಂದು ಅಷ್ಟೇ ತಗ್ಗಿದ್ದರೂ ಅವು ಚೆನ್ನಾಗಿ ಕೂರುತ್ತವೆ. ಮೂರನೆಯ ಫಲಕ ಬಂದಾಗ ಮೋಸ ಬಯಲಾಗುತ್ತದೆ. ಉಬ್ಬಿದ ಮೊದಲನೆಯದಕ್ಕೆ ಎರಡನೆಯದೂ ಮೂರನೆಯದೂ ಹೊಂದಬೇಕಾದರೆ ಎರಡೂ ತಗ್ಗಾಗಿರಬೇಕು. ಆಗ ಆ ಎರಡನ್ನು ಪರಸ್ಪರ ಕೂರಿಸಿದರೆ ಅಂಚುಗಳಷ್ಟೇ ತಾಗಿ ನಡುವೆ ಟೊಳ್ಳು ಉಳಿಯುತ್ತದೆ. ಮೂರರಲ್ಲಿ ಯಾವ ಎರಡನ್ನು ಹೇಗೆ ತಿರುಗಿಸಿಟ್ಟರೂ ಹೊಂದಬೇಕಾದರೆ ಮೂರೂ ಸಮತಟ್ಟಾಗಿರಲೇಬೇಕು. ಲಂಡನ್ನಿನ ಹೆನ್ರಿ ಮಾಡ್‌ಸ್ಲೆಯ ಕಾರ್ಖಾನೆಯಲ್ಲಿ ಪಳಗಿದ ಜೋಸೆಫ್ ವಿಟ್‌ವರ್ತ್ 1840ರಲ್ಲಿ ಗ್ಲಾಸ್ಗೋದಲ್ಲಿ ಸೇರಿದ್ದ ಬ್ರಿಟಿಷ್ ಅಸೋಸಿಯೇಷನ್ ಎಂಬ ವಿಜ್ಞಾನ ಸಂಘದ ಮುಂದೆ ಸಮತಟ್ಟಾದ ಲೋಹದ ಮೇಲ್ಮೈಗಳನ್ನು ಕುರಿತು ಪ್ರಬಂಧ ಮಂಡಿಸಿದ. ಅದರಲ್ಲಿ ಆತ ಖಂಡಿಸಿದ್ದು ಪುಡಿ ಹಾಕಿ ಉಜ್ಜುವ ಪದ್ಧತಿಯನ್ನೇ! ಉಜ್ಜುವ ಪುಡಿ ಎಲ್ಲೆಡೆ ಸಮನಾಗಿ ಹರಡಿಕೊಳ್ಳುವುದಿಲ್ಲ, ಆದ್ದರಿಂದ ಎದ್ದ ಜಾಗವನ್ನು ಗುರುತಿಸಿ ಅಷ್ಟನ್ನೇ ಹೆರೆಯಬೇಕೆಂಬುದು ಅವನ ವಾದ.

ಮನೆಯಲ್ಲಿ ಹೆರೆಯುವ ಉಪಕರಣವಿಲ್ಲದವರು ಸಮತಟ್ಟನ್ನು ಎರವಲು ತರಬೇಕು. ಅದಕ್ಕೆ ದಪ್ಪ ಗಾಜು ತಕ್ಕುದು; ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಹಾಳೆ ಮಾಡುವ, 1959ರಲ್ಲಿ ಬ್ರಿಟನ್ನಿನ ಗಾಜಿನ ಕಂಪನಿ ಪಿಲ್ಕಿಂಗ್ಟನ್ ಪ್ರಕಟಿಸಿದ ವಿಧಾನದ ಕೊಡುಗೆ ಅದು. ಪಾಲಿಶ್ ಮಾಡಿದ ಶಹಾಬಾದ್ ಕಲ್ಲು ಎಷ್ಟೇ ಮಟ್ಟಸವಾಗಿ ಕಂಡರೂ ಈ ಕೆಲಸಕ್ಕೆ ನೆಚ್ಚುವಂತಿಲ್ಲ.

ಇನ್ನು ಹೊಳಪಿನ ವಿಷಯ. ಪೇಸ್ಟಿನಲ್ಲಿ ಬೆರೆತ ಕಣಗಳು ಹಲವು ಮೈಕ್ರಾನ್ ಗಾತ್ರದವಾಗಿರಬಹುದು, ಅವುಗಳಿಗಿಂತ ತೆಳುವಾಗಿ ಪೇಸ್ಟ್ ಅಮರುವುದಿಲ್ಲ. ಸಾವಿರದ ನಂಬರಿನ ಕಾಗದ (ನಂಬರ್ ಹೆಚ್ಚಿದಷ್ಟೂ ಕಾಗದ ನಯ) ಬಿಟ್ಟುಹೋಗುವ ಗೀರುಗಳು ಆ ಕಣಗಳ ಮುಂದೆ ಲೆಕ್ಕಕ್ಕಿಲ್ಲ. ಎರಡು ಸಾವಿರ, ಮೂರು ಸಾವಿರ ಎಂದು ಮುಂದುವರಿಯುವುದು ಫೋಟೋ ತೆಗೆಯಲಿಕ್ಕೆ ಮಾತ್ರ.

ಉಜ್ಜುವುದರಿಂದ ಸರಿಯಾಗುವುದು ಮುಚ್ಚಳದ ಹೊರಮೈ ಒಂದೇ. ಇಂಟೆಲ್ 2012ರ ಐವಿ ಬ್ರಿಡ್ಜ್ ಪ್ರೊಸೆಸರುಗಳಲ್ಲಿ ಸಿಲಿಕಾನಿಗೂ ಮುಚ್ಚಳಕ್ಕೂ ನಡುವೆ ಬೆಸುಗೆಯ ಬದಲು ಪೇಸ್ಟನ್ನೇ ಬಳಸಿತು. ಆ ಒಳಪದರದ ಅಡಚಣೆಯನ್ನು ಹೊರಗಿನಿಂದ ಎಷ್ಟು ತಿಕ್ಕಿದರೂ ಕಳೆಯಲಾಗದು. 2021ರಲ್ಲಿ ಬಂದ ಎಲ್‌ಜಿಎ 1700 ಸಾಕೆಟ್ಟಿನ (ಇಂಟೆಲ್ ಪ್ರೊಸೆಸರನ್ನು ಕೂರಿಸುವ, ಮದರ್ ಬೋರ್ಡಿನ ಮೇಲಿನ ಗೂಡಿನ) ಕ್ಲಿಪ್ ಉದ್ದನೆಯ ಪ್ರೊಸೆಸರನ್ನು ನಡುಭಾಗದ ಎರಡು ಬದಿಗಳಲ್ಲಷ್ಟೇ ಅದುಮುವುದರಿಂದ ಅದು ಬಾಗುತ್ತದೆ. ಹೊರಗೆ ತೆಗೆದು ಸಮತಟ್ಟು ಮಾಡಿ ಮತ್ತೆ ಅದೇ ಸಾಕೆಟ್ಟಿಗೆ ಹಾಕಿದರೆ ಮತ್ತೆ ಬಾಗುತ್ತದೆ. ಅಲ್ಲಿ ಬೇಕಾದದ್ದು ಅಂಚುಗಳನ್ನೆಲ್ಲ ಸಮನಾಗಿ ಒತ್ತುವ ಚೌಕಟ್ಟು.

ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ದಾಟುವ ಕಲಬುರಗಿ, ಯಾದಗಿರಿಗಳಲ್ಲಿ ಇನ್ನೊಂದು ಲೆಕ್ಕವೂ ಇದೆ. ಫ್ಯಾನಿನ ಗಾಳಿಯಿಂದ ತಣಿಯುವ ಪ್ರೊಸೆಸರಿನ ಉಷ್ಣತೆ ಎಂದರೆ ಕೋಣೆಯ ಉಷ್ಣತೆಗೆ ಅದರ ಸ್ವಂತ ಏರಿಕೆಯನ್ನು ಕೂಡಿಸಿದ ಮೊತ್ತ. ಕೋಣೆ 25ರಿಂದ 38 ಡಿಗ್ರಿಗೆ ಏರಿದರೆ ಪ್ರೊಸೆಸರೂ ಸುಮಾರು 13 ಡಿಗ್ರಿ ಏರುತ್ತದೆ. ಹೀಟ್ ಸಿಂಕಿನ ರೆಕ್ಕೆಗಳಲ್ಲಿ ಧೂಳು ಮೆತ್ತಿಕೊಂಡಿದ್ದರೆ ಕುಂಚ ಹಿಡಿದು ಅದನ್ನು ತೆಗೆಯುವುದೇ ಮೊದಲ ಕೆಲಸ.

ಇಷ್ಟಾದ ಮೇಲೂ ಉಜ್ಜಲೇಬೇಕೆನ್ನುವವರು ವಾರಂಟಿ ಮುಗಿದ ಪ್ರೊಸೆಸರನ್ನು ಆರಿಸಿಕೊಳ್ಳಲಿ. ಮೊದಲು ಮುಚ್ಚಳದ ಮೇಲೆ ಉಕ್ಕಿನ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ಹಿಂದಿನಿಂದ ಬೆಳಕು ಹಾಯಿಸಬೇಕು. ಬೆಳಕು ತೂರಿ ಬರದಿದ್ದರೆ ಕೆಲಸವನ್ನು ಅಲ್ಲಿಗೇ ಬಿಡಬಹುದು. ತೂರಿ ಬಂದರೆ ಗಾಜಿನ ಮೇಲೆ ಒದ್ದೆ ಮಾಡಿದ ಕಾಗದ ಹಾಸಿ, ಹೆಚ್ಚು ಒತ್ತದೆ, ಪ್ರತಿ ಹತ್ತಾರು ಎಳೆತಕ್ಕೆ ಪ್ರೊಸೆಸರನ್ನು ಕಾಲು ಸುತ್ತು ತಿರುಗಿಸುತ್ತ ಉಜ್ಜಬೇಕು. ಎದ್ದ ಜಾಗದಲ್ಲಿ ನಿಕಲ್ ಮೊದಲು ಸವೆದು ತಾಮ್ರದ ಕೆಂಪು ಕಾಣುತ್ತದೆ. ನಾಲ್ಕೂ ಮೂಲೆ ಕೆಂಪಾಗಿ ನಡುವೆ ಬಿಳುಪು ಉಳಿದರೆ ಮುಚ್ಚಳ ತಗ್ಗಾಗಿತ್ತೆಂದು ಅರ್ಥ. ಆ ಬಿಳುಪಿನ ಕೊನೆಯ ಚುಕ್ಕೆ ಮಾಯವಾದಾಗ ನಿಲ್ಲಿಸಿ, ಹೀಟ್ ಸಿಂಕಿನ ತಳವನ್ನೂ ಅದೇ ಪಟ್ಟಿಯಿಂದ ಪರೀಕ್ಷಿಸಬೇಕು. ತಾಮ್ರದ ಪುಡಿ ವಿದ್ಯುತ್ ವಾಹಕವಾದ್ದರಿಂದ, ಅದರ ಒಂದು ಕಣವೂ ಉಳಿಯದಂತೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಒಣಗಿಸಿದ ಮೇಲೆಯೇ ಪ್ರೊಸೆಸರನ್ನು ಸಾಕೆಟ್ಟಿಗೆ ಇಳಿಸಬೇಕು.