ಹುಳುಕಡ್ಡಿಯಲ್ಲಿ ಹುಳುವಿಲ್ಲ

ಚರ್ಮದ ಮೇಲೆ ಎದ್ದದ್ದು, ಒಡೆದದ್ದು, ಬಣ್ಣಗೆಟ್ಟದ್ದು, ಗಟ್ಟಿಯಾದದ್ದು ಎಲ್ಲಕ್ಕೂ ವೈದ್ಯರ ಬಳಿ ‘ಲೀಷನ್’ ಎಂಬ ಒಂದೇ ಪದವಿದೆ. ಅದಕ್ಕೆ ಸರಿಹೊಂದುವ ಕನ್ನಡ ಪದವನ್ನು ಹುಡುಕಹೊರಟರೆ ಒಂದು ಸಿಗುವುದಿಲ್ಲ, ಒಂದು ಹಿಂಡೇ ಸಿಗುತ್ತದೆ: ಮಚ್ಚೆ, ಕಲೆ, ಗಂಧೆ, ದದ್ದು, ಗುಳ್ಳೆ, ಬೊಬ್ಬೆ, ಕುರು, ಹುಣ್ಣು, ಹಕ್ಕಳೆ, ಬಿರುಕು, ನರಹುಲಿ, ಆಣಿ, ಬಂಗು, ಸಿಬ್ಬ, ಇಸಬು. ಕೆಲವರು ‘ಚರ್ಮದ ಗಾಯ’ ಎಂದು ಅನುವಾದಿಸಿ ಕೈತೊಳೆದುಕೊಳ್ಳುತ್ತಾರೆ. ಮಚ್ಚೆ ಗಾಯವಲ್ಲ, ತೊನ್ನೂ ಗಾಯವಲ್ಲ. ಒಂದು ಪದವಿಲ್ಲ ಎಂಬುದು ನನಗೆ ಬಡತನವಾಗಿ ಕಾಣುವುದಿಲ್ಲ. ಚರ್ಮವೈದ್ಯರು ರೋಗಿಯನ್ನು ಕಂಡೊಡನೆ ಮೊದಲು ಮಾಡುವುದು ಇದೇ ವಿಂಗಡಣೆಯನ್ನು. ಇದು ಗುಳ್ಳೆಯೋ ಗಂಧೆಯೋ, ಕಲೆಯೋ ಹುಣ್ಣೋ ಎಂಬುದು ತೀರ್ಮಾನವಾಗದೆ ಔಷಧದ ಮಾತು ಬರುವುದಿಲ್ಲ.

ಈ ಶಿಸ್ತಿಗೆ ಅಡಿಪಾಯ ಹಾಕಿದವನು ಲಂಡನ್ನಿನ ವೈದ್ಯ ರಾಬರ್ಟ್ ವಿಲನ್. (ಹೆಸರು ಕೇಳಿ ಖಳನಾಯಕನೆಂದು ತಿಳಿಯಬೇಡಿ.) ಅವನ ಕಾಲದಲ್ಲಿ ಒಬ್ಬ ವೈದ್ಯ ಒಂದು ಹೆಸರಿನಿಂದ ಕರೆದ ಚರ್ಮರೋಗವನ್ನು ಪಕ್ಕದ ಬೀದಿಯ ವೈದ್ಯ ಇನ್ನೊಂದು ಹೆಸರಿನಿಂದ ಕರೆಯುತ್ತಿದ್ದ. ವಿಲನ್ ಕಾರಣಗಳ ಗೊಡವೆಗೇ ಹೋಗಲಿಲ್ಲ. ಹೋಗಲು ಸಾಧ್ಯವೂ ಇರಲಿಲ್ಲ, ರೋಗಾಣುಗಳ ವಿಷಯ ಜಗತ್ತಿಗೆ ಮನವರಿಕೆಯಾಗಲು ಇನ್ನೂ ಅರ್ಧ ಶತಮಾನ ಬಾಕಿಯಿತ್ತು. ಕಣ್ಣಿಗೆ ಕಾಣುವುದನ್ನಷ್ಟೇ ನಂಬಿ ಅವನು ಚರ್ಮದ ವಿಕಾರಗಳನ್ನು ಎಂಟು ಗುಂಪುಗಳಾಗಿ ವಿಂಗಡಿಸಿದ. 1808ರಲ್ಲಿ ಅದು ಪುಸ್ತಕವಾಗಿ ಬಂತು. ಇಂದಿನ ವೈದ್ಯ ವಿದ್ಯಾರ್ಥಿ ಕಲಿಯುವ ಪಟ್ಟಿ ಅದರದೇ ತಿದ್ದಿದ ರೂಪ: ಬೆರಳಿಗೆ ಉಬ್ಬು ತಾಗುತ್ತದೆಯೇ ಇಲ್ಲವೇ, ಒಳಗೆ ನೀರಿದೆಯೇ ಕೀವಿದೆಯೇ, ಅಗಲ ಒಂದು ಸೆಂಟಿಮೀಟರಿಗಿಂತ ಹೆಚ್ಚೇ ಕಡಿಮೆಯೇ.

ಇಷ್ಟು ಸರಳ ಪ್ರಶ್ನೆಗಳಿಂದ ಏನು ತಿಳಿದೀತು ಎನ್ನಿಸಬಹುದು. ಮುಖ್ಯವಾಗಿ ತಿಳಿಯುವುದು ಆಳ. ಚರ್ಮ ಎರಡು ಪದರಗಳ ಹೊದಿಕೆ, ಅಡಿಯಲ್ಲಿ ಕೊಬ್ಬಿನ ಹಾಸು. ಮೇಲಿನ ಪದರ ರೆಪ್ಪೆಯ ಮೇಲೆ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು ತೆಳು, ಅಂಗಾಲಿನಲ್ಲಿ ಒಂದೂವರೆ ಮಿಲಿಮೀಟರಿನಷ್ಟು ದಪ್ಪ. ಅದರಲ್ಲಿ ರಕ್ತನಾಳವೇ ಇಲ್ಲ. ಅದರ ಬುಡದಲ್ಲಿ ಹುಟ್ಟಿದ ಜೀವಕೋಶ ಮೇಲೇರುತ್ತ, ಚಪ್ಪಟೆಯಾಗುತ್ತ, ಸತ್ತು ಹೊಟ್ಟಾಗಿ ಉದುರಲು ಸುಮಾರು ನಾಲ್ಕು ವಾರ ಬೇಕು. ಸೋರಿಯಾಸಿಸ್‌ನಲ್ಲಿ ಇದೇ ಪ್ರಯಾಣ ಒಂದು ವಾರದೊಳಗೆ ಮುಗಿಯುತ್ತದೆ. ಬಲಿಯದ ಕೋಶಗಳು ಒಂದರ ಮೇಲೊಂದು ಬಂದು ಕೂತು ಬೆಳ್ಳಿಯಂತೆ ಹೊಳೆಯುವ ಹೊಟ್ಟಿನ ರಾಶಿಯಾಗುತ್ತವೆ. ಹೊಟ್ಟು ಕಂಡರೆ ತೊಂದರೆ ಮೇಲಿನ ಪದರದಲ್ಲಿದೆ ಎಂದು ಊಹಿಸಬಹುದು. ಮೇಲ್ಮೈ ನುಣುಪಾಗಿದ್ದು ಬೆರಳಿಗೆ ಗಂಟು ಸಿಕ್ಕರೆ ಅದು ಇನ್ನೂ ಕೆಳಗಿನ ಕಥೆ.

ಬೊಬ್ಬೆಯ ವಿಷಯದಲ್ಲಿ ಈ ಆಳದ ಲೆಕ್ಕ ಬಹಳ ಸೊಗಸಾಗಿದೆ. ವಯಸ್ಸಾದವರಲ್ಲಿ ಹೆಚ್ಚಾಗಿ ಕಾಣುವ ಒಂದು ಕಾಯಿಲೆಯಲ್ಲಿ ದೇಹದ ರೋಗನಿರೋಧಕ ಶಕ್ತಿ ಎರಡು ಪದರಗಳ ನಡುವಿನ ಬೆಸುಗೆಯ ಮೇಲೆಯೇ ದಾಳಿ ಮಾಡುತ್ತದೆ. ಮೇಲಿನ ಪದರ ಇಡಿಯಾಗಿ ಎದ್ದುಬರುವುದರಿಂದ ಬೊಬ್ಬೆಯ ಛಾವಣಿ ದಪ್ಪ. ಅದು ಬಿಗಿಯಾಗಿ ಉಬ್ಬಿ ದಿನಗಟ್ಟಲೆ ನಿಲ್ಲುತ್ತದೆ. ಇನ್ನೊಂದು ಕಾಯಿಲೆಯಲ್ಲಿ ದಾಳಿ ನಡೆಯುವುದು ಮೇಲಿನ ಪದರದೊಳಗಿನ ಕೋಶಗಳ ಅಂಟಿನ ಮೇಲೆ. ಅಲ್ಲಿ ಛಾವಣಿ ತೆಳುವಾದ್ದರಿಂದ ಬೊಬ್ಬೆ ಜೋಲುತ್ತದೆ, ಮುಟ್ಟಿದರೆ ಒಡೆಯುತ್ತದೆ. ಬೊಬ್ಬೆ ಎಷ್ಟು ಗಟ್ಟಿ ಎಂಬುದನ್ನು ನೋಡಿಯೇ ವೈದ್ಯರು ಪ್ರಯೋಗಾಲಯದ ಉತ್ತರವನ್ನು ಅರ್ಧ ಊಹಿಸಿಬಿಡುತ್ತಾರೆ. ಕಲೆ ಉಳಿಯುವುದೂ ಆಳದ ಮೇಲೆಯೇ. ಮೇಲಿನ ಪದರಕ್ಕಷ್ಟೇ ಆದ ಪೆಟ್ಟು ಕುಳಿ ಬಿಡದೆ ಮಾಯುತ್ತದೆ. ಸೀತಾಳೆ ಸಿಡುಬಿನ ಗುಳ್ಳೆಯನ್ನು ಕೆರೆದು, ಸೋಂಕು ತಗುಲಿ, ಗಾಯ ಕೆಳಗಿನ ಪದರಕ್ಕೆ ಇಳಿದರೆ ಮಾತ್ರ ಜೀವನಪೂರ್ತಿ ಜೊತೆಗಿರುವ ಕುಳಿ.

ಗಂಧೆಯ ಸ್ವಭಾವವೇ ಬೇರೆ. ಚರ್ಮದೊಳಗಿನ ಕೆಲವು ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಚೆಲ್ಲುತ್ತವೆ, ರಕ್ತನಾಳಗಳು ಸೋರುತ್ತವೆ, ಚರ್ಮ ಉಬ್ಬುತ್ತದೆ, ತುರಿಕೆ ತಡೆಯಲಾಗುವುದಿಲ್ಲ. ವೈದ್ಯರ ಬಳಿಗೆ ಹೋಗುವಷ್ಟರಲ್ಲಿ ಗಂಧೆ ಮಾಯವಾಗಿ, ‘ಈಗತಾನೇ ಇತ್ತು’ ಎಂದು ಹೇಳಿ ರೋಗಿ ಪೆಚ್ಚಾಗುವುದು ಸಾಮಾನ್ಯ. ಪೆಚ್ಚಾಗಬೇಕಿಲ್ಲ, ಮಾಯವಾಗುವುದೇ ಅದರ ಗುರುತು. ಎದ್ದ ಗಂಧೆಯೊಂದರ ಸುತ್ತ ಪೆನ್ನಿನಿಂದ ಗೆರೆ ಎಳೆದು ಗಡಿಯಾರ ನೋಡಿಕೊಳ್ಳಿ. ಹೊಸವು ಬೇರೆಡೆ ಏಳಬಹುದು, ಆದರೆ ಗೆರೆಯೊಳಗಿನದು 24 ಗಂಟೆಯೊಳಗೆ ಹೋಗಬೇಕು. ಹೋಗದೆ ಉಳಿದು, ನೋಯುತ್ತಿದ್ದು, ಕೊನೆಗೆ ಕಂದಿದ ಗುರುತು ಬಿಟ್ಟರೆ ಅದು ಗಂಧೆಯ ವೇಷದಲ್ಲಿ ಬಂದ ರಕ್ತನಾಳದ ಉರಿಯೂತವಿರಬಹುದು. ಗಂಧೆಯ ಜೊತೆಗೆ ತುಟಿ, ನಾಲಿಗೆ ಊದಿ ಉಸಿರಾಟಕ್ಕೆ ತೊಡಕಾದರೆ ಮಾತ್ರ ಗೆರೆ ಎಳೆಯುತ್ತ ಕೂರಬಾರದು, ಆಸ್ಪತ್ರೆಗೆ ಓಡಬೇಕು.

ಇಂಥದೇ ಇನ್ನೊಂದು ಅಗ್ಗದ ಉಪಕರಣ ಗಾಜಿನ ಲೋಟ. ಕೆಂಪು ಕಲೆಯ ಮೇಲೆ ಲೋಟವನ್ನು ಒತ್ತಿ ಹಿಡಿದಾಗ ಬಣ್ಣ ಹೋದರೆ ರಕ್ತ ನಾಳದೊಳಗೇ ಇದೆ. ಹೋಗದಿದ್ದರೆ ನಾಳದಿಂದ ಹೊರಗೆ ಸೋರಿದೆ. ಜ್ವರದಿಂದ ನರಳುವ ಮಗುವಿನ ಮೈಮೇಲೆ ಹೀಗೆ ಒತ್ತಿದರೂ ಹೋಗದ ಚುಕ್ಕೆಗಳು ಕಂಡರೆ ಅದು ರಕ್ತಕ್ಕೆ ಇಳಿದ, ಮಿದುಳಿನ ಪೊರೆಗೆ ತಗಲುವ ಮೆನಿಂಜೈಟಿಸ್ ರೋಗಾಣುವಿನ ಲಕ್ಷಣವಿರಬಹುದು. ಅಲ್ಲಿ ಗಂಟೆಗಳ ಲೆಕ್ಕ. ಪಠ್ಯಪುಸ್ತಕಗಳು ‘ಕೆಂಪು’ ಎಂದು ಬರೆಯುವಾಗ ಬಹುಮಟ್ಟಿಗೆ ಬಿಳಿ ಚರ್ಮವನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತವೆ ಎಂಬ ದೂರು ನ್ಯಾಯವಾದದ್ದೇ. ಕಪ್ಪು, ಕಂದು ಮೈಬಣ್ಣದವರಲ್ಲಿ ಅದೇ ಉರಿಯೂತ ನೇರಳೆಯಾಗಿಯೋ ಬೂದುಗಪ್ಪಾಗಿಯೋ ಕಾಣುತ್ತದೆ. ಅಂಥವರಲ್ಲಿ ಈ ಚುಕ್ಕೆಗಳನ್ನು ಅಂಗೈ, ಅಂಗಾಲು, ಕೆಳರೆಪ್ಪೆಯ ಒಳಭಾಗದಲ್ಲಿ ಹುಡುಕಬೇಕು.

ಬಿಳಿ ಮಚ್ಚೆಗಳ ಬಗ್ಗೆ ಜನರಲ್ಲಿರುವಷ್ಟು ಅನಗತ್ಯ ಭಯ ಬೇರಾವುದರ ಬಗ್ಗೆಯೂ ಇಲ್ಲವೇನೋ. ತೊನ್ನು ಹಾಲಿನಂತೆ ಬೆಳ್ಳಗಿರುತ್ತದೆ, ಏಕೆಂದರೆ ಬಣ್ಣ ತಯಾರಿಸುವ ಕೋಶಗಳೇ ಅಲ್ಲಿ ನಾಶವಾಗಿವೆ. ಅದು ಅಂಟುವುದಿಲ್ಲ. ಎದೆ ಬೆನ್ನುಗಳ ಮೇಲೆ ಹರಡುವ ಸಿಬ್ಬ ಮಸುಕು ಬಿಳುಪು. ಉಗುರಿನಿಂದ ಮೆಲ್ಲಗೆ ಕೆರೆದರೆ ನವಿರಾದ ಹೊಟ್ಟು ಏಳುತ್ತದೆ. ಎಲ್ಲರ ಚರ್ಮದ ಮೇಲೂ ವಾಸಿಸುವ ಒಂದು ಯೀಸ್ಟ್ ಅತಿಯಾಗಿ ಬೆಳೆದದ್ದು ಅದಕ್ಕೆ ಕಾರಣ. ಮುಲಾಮಿನಿಂದ ಯೀಸ್ಟ್ ಸತ್ತರೂ ಬಣ್ಣ ಮರಳಲು ತಿಂಗಳುಗಳು ಬೇಕು. ಅಷ್ಟರಲ್ಲಿ ಔಷಧ ನಾಟಲಿಲ್ಲವೆಂದು ಜನ ಮೂರು ವೈದ್ಯರನ್ನು ಬದಲಿಸಿರುತ್ತಾರೆ. ನಿಜಕ್ಕೂ ಗಮನ ಬೇಡುವುದು ಸ್ಪರ್ಶವೇ ತಿಳಿಯದ ಮಚ್ಚೆ. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಮುಟ್ಟಿದಾಗ ಅದು ಗೊತ್ತಾಗದಿದ್ದರೆ ಕುಷ್ಠರೋಗದ ಸಂಶಯ ಬರುತ್ತದೆ. 1873ರಲ್ಲಿ ನಾರ್ವೆಯ ಹ್ಯಾನ್ಸನ್ ಗುರುತಿಸಿದ ಅದರ ರೋಗಾಣು ನರಗಳಲ್ಲಿ ಬೀಡುಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿದ ಬಹುಔಷಧ ಚಿಕಿತ್ಸೆಯಿಂದ ಅದು ಆರು ತಿಂಗಳಲ್ಲೋ ವರ್ಷದಲ್ಲೋ ಪೂರ್ತಿ ವಾಸಿಯಾಗುತ್ತದೆ. ಚಿಕಿತ್ಸೆ ತಡವಾದರೂ ರೋಗಾಣು ಸಾಯುತ್ತದೆ, ಸತ್ತ ನರ ಮಾತ್ರ ಮರಳುವುದಿಲ್ಲ.

ಹೆಸರುಗಳು ನಮ್ಮನ್ನು ದಾರಿತಪ್ಪಿಸುವುದೂ ಉಂಟು. ಹುಳುಕಡ್ಡಿಯಲ್ಲಿ ಯಾವ ಹುಳುವೂ ಇಲ್ಲ. ಅದು ಚರ್ಮದ ಕೆರಾಟಿನ್ ಎಂಬ ಪ್ರೋಟೀನನ್ನು ತಿಂದು ಬದುಕುವ ಶಿಲೀಂಧ್ರ. ಅದು ಹೊರಗೆ ಹೊರಗೆ ಮೇಯುತ್ತ ಹೋಗುತ್ತದೆ, ಹಿಂದೆ ಬಿಟ್ಟ ನೆಲ ಮಾಯುತ್ತದೆ, ಅದರಿಂದಲೇ ಉಂಗುರದ ಆಕಾರ. ಸರ್ಪಸುತ್ತಿಗೂ ಸರ್ಪಕ್ಕೂ ನಂಟಿಲ್ಲ. ಎಂದೋ ಬಂದುಹೋದ ಸೀತಾಳೆ ಸಿಡುಬಿನ ವೈರಸ್ ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ದಶಕಗಟ್ಟಲೆ ಮಲಗಿದ್ದು, ಎದ್ದು, ಒಂದು ನರದ ಹಾದಿಗುಂಟ ಚರ್ಮಕ್ಕೆ ಬರುವುದೇ ಸರ್ಪಸುತ್ತು. ಎಡದ ನರ ಎಡಕ್ಕೆ, ಬಲದ್ದು ಬಲಕ್ಕೆ. ಆದ್ದರಿಂದ ಗುಳ್ಳೆಗಳ ಪಟ್ಟಿ ಮೈಯ ನಡುಗೆರೆಯ ಬಳಿ ಕತ್ತರಿಸಿದಂತೆ ನಿಲ್ಲುತ್ತದೆ. ತಲೆ ಬಾಲ ಕೂಡಿದರೆ ಪ್ರಾಣಕ್ಕೆ ಅಪಾಯ ಎಂಬ ಭಯ ಹೆಸರಿನಿಂದ ಹುಟ್ಟಿದ್ದು, ರೋಗದಿಂದಲ್ಲ. ಭಯಪಡಬೇಕಾದದ್ದು ವಿಳಂಬಕ್ಕೆ: ವೈರಸ್ ನಿರೋಧಕ ಮಾತ್ರೆಯನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಆರಂಭಿಸಿದರೆ ಹೆಚ್ಚು ಫಲ.

ಹುಳು ಇರುವುದು ಕಜ್ಜಿಯಲ್ಲಿ. ಹುಳುವೆಂದರೆ ಎಂಟು ಕಾಲಿನ ನುಸಿ, ಜೇಡನ ದೂರದ ನೆಂಟ, ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ಗಾತ್ರ. ಇಟಲಿಯ ಬೊನೊಮೊ ಅದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು 1687ರಲ್ಲೇ ಬರೆದ. ಯಾರೂ ಕಿವಿಗೊಡಲಿಲ್ಲ, ರಕ್ತ ಕೆಟ್ಟದ್ದೇ ಕಜ್ಜಿಗೆ ಕಾರಣವೆಂಬ ನಂಬಿಕೆ ಅಷ್ಟು ಗಟ್ಟಿಯಾಗಿತ್ತು. 1834ರಲ್ಲಿ ಕಾರ್ಸಿಕಾ ದ್ವೀಪದ ರೆನೂಚಿ ಎಂಬ ವಿದ್ಯಾರ್ಥಿ ಪ್ಯಾರಿಸ್ಸಿನ ವೈದ್ಯರ ಮುಂದೆ ರೋಗಿಯ ಚರ್ಮದಿಂದ ಸೂಜಿಯಲ್ಲಿ ನುಸಿಯನ್ನು ಎತ್ತಿ ತೋರಿಸಿದ ಮೇಲೆಯೇ ವಾದ ಮುಗಿದದ್ದು. ಸಾಮಾನ್ಯ ಕಜ್ಜಿಯಲ್ಲಿ ಇಡೀ ಮೈಯಲ್ಲಿ ಇರುವುದು ಹತ್ತು ಹದಿನೈದು ನುಸಿಗಳು ಮಾತ್ರ. ತುರಿಕೆ ಅವುಗಳ ಓಡಾಟದಿಂದಲ್ಲ, ಅವುಗಳ ಮೊಟ್ಟೆ ಮತ್ತು ಹಿಕ್ಕೆಗೆ ದೇಹ ತೋರುವ ಅಲರ್ಜಿಯಿಂದ. ಮೊದಲ ಸಲ ತಗುಲಿದಾಗ ಆ ಅಲರ್ಜಿ ಬೆಳೆಯಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಷ್ಟು ದಿನ ತುರಿಕೆಯಿಲ್ಲದೆಯೇ ನುಸಿ ಮನೆಮಂದಿಗೆಲ್ಲ ಹಂಚಿಹೋಗಿರುತ್ತದೆ. ಆದ್ದರಿಂದಲೇ ತುರಿಸಲಿ ಬಿಡಲಿ, ಮನೆಯವರೆಲ್ಲ ಒಂದೇ ದಿನ ಕತ್ತಿನಿಂದ ಅಂಗಾಲಿನವರೆಗೆ ಔಷಧ ಹಚ್ಚಿಕೊಳ್ಳಬೇಕು, ವಾರ ಕಳೆದು ಮತ್ತೊಮ್ಮೆ. ನುಸಿ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇರುತ್ತದೆ.

ಮಚ್ಚೆಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಏನೂ ಮಾಡುವುದಿಲ್ಲ ಎನ್ನುವುದು ಮಾತಿನ ಲೆಕ್ಕ. ಹೆದರಬೇಕಾದ್ದು ಬದಲಾಗುತ್ತಿರುವ ಮಚ್ಚೆಗೆ: ಅಂಚು ಅಂಕುಡೊಂಕಾಗುವುದು, ಒಂದರಲ್ಲೇ ಹಲವು ಬಣ್ಣ ಕಾಣುವುದು, ಬೆಳೆಯುವುದು, ಸೋರುವುದು. ಜಮೈಕಾದ ಗಾಯಕ ಬಾಬ್ ಮಾರ್ಲಿಯ ಕಾಲ್ಬೆರಳಿನ ಉಗುರಿನಡಿಯ ಗಾಯವನ್ನು ಮೊದಲು ಫುಟ್‌ಬಾಲ್ ಆಟದ ಪೆಟ್ಟೆಂದೇ ತಿಳಿಯಲಾಗಿತ್ತು. 1977ರಲ್ಲಿ ಅದು ಮೆಲನೋಮಾ ಎಂಬ ಕ್ಯಾನ್ಸರ್ ಎಂದು ಗೊತ್ತಾಯಿತು. 1981ರಲ್ಲಿ, 36ನೇ ವಯಸ್ಸಿನಲ್ಲಿ, ಅವನು ತೀರಿಕೊಂಡ. ಕಪ್ಪು ಮೈಬಣ್ಣದವರಲ್ಲಿ ಈ ಕ್ಯಾನ್ಸರ್ ವಿರಳ, ಆದರೆ ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನಡಿಯಂಥ ಯಾರೂ ನೋಡದ ಜಾಗಗಳಲ್ಲಿ ಬರುತ್ತದೆ. ಇಲ್ಲಿಯೂ ಆಳವೇ ಭವಿಷ್ಯ ಹೇಳುವುದು. ಗಡ್ಡೆ ಎಷ್ಟು ಅಗಲವಿದೆ ಎಂಬುದಕ್ಕಿಂತ ಎಷ್ಟು ಮಿಲಿಮೀಟರ್ ಕೆಳಗಿಳಿದಿದೆ ಎಂಬುದನ್ನು ವೈದ್ಯರು ಅಳೆಯುತ್ತಾರೆ. ಅದಕ್ಕಾಗಿ ಚರ್ಮದ ತುಣುಕು ತೆಗೆದು ಪರೀಕ್ಷಿಸಬೇಕು. ‘ಚುಚ್ಚಿದರೆ ಹರಡುತ್ತದೆ’ ಎಂಬ ಮಾತಿಗೆ ಅಂಜಿ ಪರೀಕ್ಷೆಯನ್ನು ಮುಂದೂಡಿದವರನ್ನು ನಾನು ಕಂಡಿದ್ದೇನೆ. ಆ ಮಾತಿಗೆ ಆಧಾರವಿಲ್ಲ.

ಸಾಮಾನ್ಯ ತರಚು ಗಾಯಕ್ಕೂ ಒಂದು ಹಳೆಯ ಬುದ್ಧಿವಾದವಿದೆ: ಗಾಳಿಗೆ ಬಿಡು, ಒಣಗಲಿ, ಹಕ್ಕಳೆ ಕಟ್ಟಲಿ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲಿನ ಪ್ರಯೋಗದಲ್ಲಿ, ಮುಚ್ಚಿ ತೇವವಾಗಿಟ್ಟ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡರಷ್ಟು ವೇಗದಲ್ಲಿ ಹರಡುವುದನ್ನು ತೋರಿಸಿದ. ಹಕ್ಕಳೆಯಡಿಯಲ್ಲಿ ಹೊಸ ಕೋಶಗಳು ಒಣನೆಲವನ್ನು ಕೊರೆದು ದಾರಿ ಮಾಡಿಕೊಳ್ಳಬೇಕು, ತೇವದಲ್ಲಿ ಜಾರುತ್ತ ಸಾಗುತ್ತವೆ. ತೊಳೆದು, ತೆಳುವಾಗಿ ವ್ಯಾಸಲೀನ್ ಸವರಿ ಪಟ್ಟಿ ಕಟ್ಟುವುದು ಸಾಕು.

ಇನ್ನು ಉರಿಯೂತ ತಗ್ಗಿಸುವ ಸ್ಟಿರಾಯ್ಡ್ ಮುಲಾಮು. 1952ರಲ್ಲಿ ಸುಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ವೈದ್ಯರು ಹೈಡ್ರೊಕಾರ್ಟಿಸೋನ್ ಎಂಬ ಸ್ಟಿರಾಯ್ಡನ್ನು ಚರ್ಮಕ್ಕೆ ಹಚ್ಚಿ ಗೆದ್ದಾಗ ಚರ್ಮವೈದ್ಯಕ್ಕೆ ಹೊಸ ಯುಗವೇ ಬಂತು. ಇಸಬಿನಿಂದ ನಿದ್ದೆಗೆಟ್ಟ ಮಕ್ಕಳು ಮಲಗಿದರು. ಸರಿಯಾದ ಕಾಯಿಲೆಗೆ, ಸರಿಯಾದ ಅಳತೆಯಲ್ಲಿ ಇದಕ್ಕೆ ಸಾಟಿಯಿಲ್ಲ. ಅಳತೆಯೂ ಸುಲಭ: ದೊಡ್ಡವರ ತೋರುಬೆರಳಿನ ತುದಿಗೆರೆಯವರೆಗೆ ಹಿಂಡಿದಷ್ಟು ಮುಲಾಮು, ಅಂದರೆ ಸುಮಾರು ಅರ್ಧ ಗ್ರಾಂ, ಎರಡು ಹಸ್ತದಗಲದ ಚರ್ಮಕ್ಕೆ ಸಾಕು. ಕಾಯಿಲೆ ಬೇರೆಯಾದರೆ ಮಾತ್ರ ಇದೇ ಮುಲಾಮು ಸಾಕ್ಷ್ಯ ಅಳಿಸುವ ರಬ್ಬರ್ ಆಗುತ್ತದೆ. ಉರಿಯೂತ ಎಂಬುದು ರೋಗಾಣುವಿನ ಮೇಲೆ ದೇಹ ನಡೆಸುವ ಹೋರಾಟ. ಸ್ಟಿರಾಯ್ಡ್ ಆ ಹೋರಾಟವನ್ನು ನಿಲ್ಲಿಸುತ್ತದೆ, ರೋಗಾಣುವನ್ನಲ್ಲ.

ಇದನ್ನು ನಾನು ಕಲಿತದ್ದು ನನ್ನದೇ ತೊಡೆಯ ಮೇಲೆ. ಸಣ್ಣ ಉಂಗುರವೊಂದು ಎದ್ದಿತ್ತು. ಮನೆಯಲ್ಲಿ ಯಾರಿಗೋ ಯಾವುದಕ್ಕೋ ಬರೆದುಕೊಟ್ಟಿದ್ದ ಟ್ಯೂಬ್ ಅರ್ಧ ಉಳಿದಿತ್ತು, ಹಚ್ಚಿದೆ. ಮೂರೇ ದಿನಕ್ಕೆ ತುರಿಕೆ ಮಾಯ, ಉಂಗುರ ಮಸುಕು. ನಿಲ್ಲಿಸಿದೆ, ಮರಳಿತು, ಮತ್ತೆ ಹಚ್ಚಿದೆ. ಎರಡು ತಿಂಗಳಲ್ಲಿ ಉಂಗುರವೂ ಅಲ್ಲದ, ಅಂಚೂ ಇಲ್ಲದ, ಹೊಟ್ಟೂ ಏಳದ ಒಂದು ಕಂದು ನಕ್ಷೆ ಸೊಂಟದವರೆಗೆ ಹರಡಿತ್ತು. ಇಂಥ ವೇಷಮರೆಸಿದ ಹುಳುಕಡ್ಡಿಗೆ ವೈದ್ಯರು ಬೇರೆಯೇ ಹೆಸರಿಟ್ಟಿದ್ದಾರೆ, ಅಷ್ಟು ಮಂದಿ ಇದೇ ತಪ್ಪು ಮಾಡುತ್ತಾರೆ. ಸಾಮಾನ್ಯ ಶಿಲೀಂಧ್ರನಾಶಕ ಮಾತ್ರೆಗಳಿಗೇ ಜಗ್ಗದ ತಳಿಗಳು ಈಗ ಹಲವು ದೇಶಗಳಲ್ಲಿ ಕಾಣಿಸಿಕೊಂಡಿವೆ. ಇದಕ್ಕೆ ಕಾರಣವೆಂದು ಎಲ್ಲೆಂದರಲ್ಲಿ ಸಿಗುವ ಸ್ಟಿರಾಯ್ಡ್ ಮಿಶ್ರ ಮುಲಾಮುಗಳತ್ತಲೂ ತಜ್ಞರ ಬೆರಳು ಚಾಚಿದೆ.

ನನ್ನ ವೈದ್ಯೆ ಏನನ್ನೂ ಹೇಳದೆ ನಕ್ಷೆಯ ಒಂದು ಮೂಲೆಯನ್ನು ಮೊಂಡು ಅಲಗಿನಿಂದ ಕೆರೆದು, ಉದುರಿದ ಪುಡಿಯನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ, ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಒಂದು ಹನಿ ಬಿಟ್ಟರು. ಆ ಕ್ಷಾರ ಚರ್ಮದ ಕೋಶಗಳನ್ನು ಕರಗಿಸುತ್ತದೆ, ಶಿಲೀಂಧ್ರವನ್ನು ಬಿಡುತ್ತದೆ. ಸ್ವಲ್ಪ ಹೊತ್ತು ಕಳೆದು ಸೂಕ್ಷ್ಮದರ್ಶಕದೊಳಗೆ ತಾವೊಮ್ಮೆ ಇಣುಕಿ, ‘ನೀವೂ ನೋಡಿ’ ಎಂದು ಪಕ್ಕಕ್ಕೆ ಸರಿದರು. ಹೊರಗಿನ ಕಣ್ಣಿಗೆ ಹೊಟ್ಟೂ ಇಲ್ಲ, ಅಂಚೂ ಇಲ್ಲ. ಒಳಗೆ ಮಾತ್ರ ಕವಲೊಡೆದ ಗಾಜಿನ ದಾರಗಳು ಒಂದರೊಳಗೊಂದು ಹೆಣೆದು, ಯಾರ ಅಡ್ಡಿಯೂ ಇಲ್ಲದೆ, ಹುಲುಸಾಗಿ ಬೆಳೆದಿದ್ದವು.