ಇಬ್ಬನಿ ಬಿದ್ದ ಬೆಳಿಗ್ಗೆ ಬ್ರೇಕ್ ಕೀರುವುದೇಕೆ?

ಡಿಸೆಂಬರ್, ಜನವರಿಯಲ್ಲಿ ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಡೆ ರಾತ್ರಿಯಿಡೀ ಅಂಗಳದಲ್ಲಿ ನಿಂತ ಕಾರಿನ ಗಾಜಿನ ಮೇಲೆ ಬೆಳಿಗ್ಗೆ ಇಬ್ಬನಿ ಹನಿಗಟ್ಟಿರುತ್ತದೆ. ಅದೇ ತೇವ ಚಕ್ರದೊಳಗೆ ಅದರ ಜೊತೆಗೇ ತಿರುಗುವ ತಟ್ಟೆಯಾದ ಬ್ರೇಕ್ ಡಿಸ್ಕಿನ ಮೇಲೂ ಕೂತಿರುತ್ತದೆ. ಗೇಟಿನ ಹತ್ತಿರ ಮೊದಲ ಸಲ ಬ್ರೇಕ್ ಒತ್ತಿದಾಗ ಕೀಚ್ ಎಂದು ಕಿವಿ ಕೊರೆಯುವ ಸದ್ದು. ಕಾರು ಎಷ್ಟು ದೂರ ಹೋಗುವವರೆಗೆ ಆ ಸದ್ದು ಬರುತ್ತದೆ ಎಂದು ಗಮನಿಸಿದರೆ ಅರ್ಧ ಕಾಯಿಲೆ ಪತ್ತೆಯಾದಂತೆ.

ಡಿಸ್ಕ್ ಬೀಡು ಕಬ್ಬಿಣದ್ದು. ಬ್ರೇಕ್ ಒತ್ತಿದಾಗ ಅದನ್ನು ಎರಡೂ ಬದಿಯಿಂದ ಅದುಮಿ ಹಿಡಿಯುವ ಪ್ಯಾಡ್ ಉಜ್ಜುವ ಮುಖಕ್ಕೆ ಬಣ್ಣ ಬಳಿಯುವಂತಿಲ್ಲ, ಎಣ್ಣೆ ಸವರುವಂತಿಲ್ಲ. ಹಾಗಾಗಿ ಒಂದೇ ರಾತ್ರಿಯ ತೇವಕ್ಕೆ ಕಿತ್ತಳೆ ಬಣ್ಣದ ತೆಳು ತುಕ್ಕು ಹಿಡಿಯುತ್ತದೆ. ನಾಲ್ಕೈದು ಸಲ ಬ್ರೇಕ್ ಒತ್ತುವಷ್ಟರಲ್ಲಿ ಪ್ಯಾಡ್ ಅದನ್ನು ಕೆರೆದು ಹಾಕುತ್ತದೆ, ಡಿಸ್ಕ್ ಬಿಸಿಯಾಗಿ ತೇವ ಆರುತ್ತದೆ, ಸದ್ದು ನಿಲ್ಲುತ್ತದೆ. ಇದಕ್ಕೆ ರಿಪೇರಿಯೇ ಬೇಡ. ಹೊಸ ಪ್ಯಾಡ್ ಹಾಕಿಸಿದರೂ ಮತ್ತೆ ಇಬ್ಬನಿ ಬಿದ್ದ ದಿನ ಅದೇ ಸದ್ದು ಬರಬಹುದು.

ಒಂದೆರಡು ಕಿಲೋಮೀಟರ್ ಹೋದ ಮೇಲೂ ಕೀರುತ್ತಿದ್ದರೆ ಮಾತು ಬೇರೆ. ಪ್ಯಾಡ್ ಡಿಸ್ಕಿನ ಮೇಲೆ ಒಂದೇ ಸಮನೆ ಜಾರುವುದಿಲ್ಲ. ಅಂಟುತ್ತದೆ, ಬಿಡುತ್ತದೆ, ಮತ್ತೆ ಅಂಟುತ್ತದೆ. ಸೆಕೆಂಡಿಗೆ ಸಾವಿರಾರು ಸಲ ನಡೆಯುವ ಈ ನಡುಕಕ್ಕೆ ಡಿಸ್ಕ್ ಜಾಗಟೆಯ ಹಾಗೆ ದನಿಗೂಡಿಸುತ್ತದೆ. ಸೀಮೆಸುಣ್ಣವನ್ನು ಕರಿಹಲಗೆಗೆ ನೆಟ್ಟಗೆ ಒತ್ತಿ ಎಳೆದರೆ ಕೀರುತ್ತದೆ, ಓರೆಯಾಗಿ ಹಿಡಿದರೆ ಸುಮ್ಮನಾಗುತ್ತದೆ. ಹಲವು ಪ್ಯಾಡ್‌ಗಳ ಅಂಚನ್ನು ಓರೆಯಾಗಿ ಸವೆಸಿರುವುದು ಇದೇ ಕಾರಣಕ್ಕೆ. ಬೆನ್ನಿಗೆ ಅಂಟಿಸಿದ ತೆಳು ತಗಡು, ಅಂದರೆ ಶಿಮ್, ನಡುಕವನ್ನು ಹೀರಿಕೊಳ್ಳಲು ಇರುವುದು. ಪ್ಯಾಡ್ ಬದಲಿಸುವಾಗ ಹಳೆಯ ಶಿಮ್ಮನ್ನು ಬಿಸಾಡಿ ಹೊಸದನ್ನು ಹಾಕದೇ ಬಿಟ್ಟರೆ, ಪ್ಯಾಡ್ ಎಷ್ಟೇ ಒಳ್ಳೆಯದಾದರೂ ಕೀರಬಹುದು.

ಸದ್ದು ಯಾವ ಚಕ್ರದ್ದು ಎಂದು ತಿಳಿಯಲು ಕಿಟಕಿ ಇಳಿಸಿ, ಯಾವುದಾದರೂ ಉದ್ದನೆಯ ಕಾಂಪೌಂಡ್ ಗೋಡೆಯ ಪಕ್ಕದಲ್ಲಿ 20 ಕಿ.ಮೀ. ವೇಗದಲ್ಲಿ ಹೋಗಿ. ಗೋಡೆಗೆ ಬಡಿದು ಮರಳುವ ಸದ್ದು ಆ ಬದಿಯ ಚಕ್ರವನ್ನು ತೋರಿಸಿಕೊಡುತ್ತದೆ. ನಮ್ಮಲ್ಲಿನ ಬಹುಪಾಲು ಸಣ್ಣ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರದ ಡ್ರಮ್ಮಿಗೆ ಮಾತ್ರ. ಡ್ರಮ್ ಎಂದರೆ ಶೂಗಳು ಒಳಗಿನಿಂದ ಒತ್ತಿ ಹಿಡಿಯುವ ಡಬ್ಬಿಯಂಥ ಬ್ರೇಕ್. ಖಾಲಿ ಸಮತಟ್ಟು ಜಾಗದಲ್ಲಿ, ಅದೇ ನಿಧಾನ ವೇಗದಲ್ಲಿ ಗುಂಡಿಯನ್ನು ಒತ್ತಿ ಹಿಡಿದೇ ಅದನ್ನು ಸ್ವಲ್ಪ ಎಳೆದಾಗ ಕೀರಿದರೆ ಸದ್ದು ಹಿಂದಿನದು. ಡ್ರಮ್ಮಿನೊಳಗೆ ತುಂಬಿದ ಲೈನರ್ ಪುಡಿಯೇ, ಅಂದರೆ ಶೂ ಮೇಲಿನ ಸವೆಯುವ ಪದರದ ಪುಡಿಯೇ, ಹೆಚ್ಚಾಗಿ ಕಾರಣ. ಅದನ್ನು ಗಾಳಿ ಹೊಡೆದು ಹಾರಿಸಬಾರದು, ಶ್ವಾಸಕೋಶಕ್ಕೆ ಹಾನಿ. ಬ್ರೇಕ್ ಕ್ಲೀನರ್ ಸಿಂಪಡಿಸಿ ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಬ್ರೇಕ್ ಒತ್ತದೆಯೇ ಸಣ್ಣಗೆ ಕಿರ್ ಎನ್ನುತ್ತಾ, ಒತ್ತಿದಾಗ ನಿಲ್ಲುತ್ತಿದ್ದರೆ ಎರಡು ಅನುಮಾನ. ತೋಟದ ರಸ್ತೆಯ ಸಣ್ಣ ಜಲ್ಲಿ ಚೂರು ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಸಿಕ್ಕಿಕೊಂಡಿರಬಹುದು. ಹಿಂದೆ ಮುಂದೆ ಸ್ವಲ್ಪ ಓಡಿಸಿದರೆ ಎಷ್ಟೋ ಸಲ ತಾನೇ ಉದುರುತ್ತದೆ. ಇಲ್ಲವೇ ಪ್ಯಾಡ್ ಮುಗಿಯುತ್ತಾ ಬಂದಿದೆ. ಹಲವು ಪ್ಯಾಡ್‌ಗಳಲ್ಲಿ ಸಣ್ಣ ಉಕ್ಕಿನ ನಾಲಗೆ ಇರುತ್ತದೆ. ಸುಮಾರು 10 ಮಿ.ಮೀ. ಇದ್ದ ಪ್ಯಾಡಿನ ಉಜ್ಜುವ ಪದರ (ಲೈನಿಂಗ್) 2-3 ಮಿ.ಮೀ.ಗೆ ಇಳಿದಾಗ ಅದು ಡಿಸ್ಕಿಗೆ ತಾಗಿ ಕೂಗಲೆಂದೇ ಇಟ್ಟದ್ದು. ಸದ್ದು ಗರಗರ ಎಂದು ಒರಟಾದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆ ಎಂದರ್ಥ. ಆ ಕಾರನ್ನು ಘಾಟಿಗೆ ಇಳಿಸಲೇಬಾರದು.

ಮಲೆನಾಡಿನ ಕಾರುಗಳಲ್ಲಿ ಹೆಚ್ಚಾಗಿ ಕೈಕೊಡುವುದು ಕ್ಯಾಲಿಪರಿನ, ಅಂದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗದ, ಸ್ಲೈಡ್ ಪಿನ್. ಕ್ಯಾಲಿಪರ್ ಈ ಎರಡು ಪಿನ್ನುಗಳ ಮೇಲೆ ಸರಾಗವಾಗಿ ಅತ್ತಿತ್ತ ಸರಿದರೆ ಮಾತ್ರ ಎರಡೂ ಪ್ಯಾಡ್ ಸಮನಾಗಿ ಒತ್ತುತ್ತವೆ. ಮಳೆಗಾಲದ ಕೆಸರು ನೀರು ರಬ್ಬರ್ ಟೊಪ್ಪಿಯ ಬಿರುಕಿನಿಂದ ಒಳಗಿಳಿದು ಗ್ರೀಸು ಒಣಗಿರುತ್ತದೆ. ಚಳಿಗೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಬ್ರೇಕ್ ಬಿಟ್ಟ ಮೇಲೂ ಪ್ಯಾಡ್ ಡಿಸ್ಕಿಗೆ ತಾಗಿಯೇ ಇರುತ್ತದೆ. ಒಳಗಿನ ಪ್ಯಾಡ್ 3 ಮಿ.ಮೀ., ಹೊರಗಿನದು 7 ಮಿ.ಮೀ. ಹೀಗೆ ಏರುಪೇರು ಸವೆದಿದ್ದರೆ ಮೊದಲು ಪಿನ್ ನೋಡಿ. ಹೊರಗಿನಿಂದ ಟಾರ್ಚ್ ಬಿಟ್ಟು ನೋಡಿ ಪ್ಯಾಡ್ ಇದೆ ಎಂದು ನಿಶ್ಚಿಂತರಾದವರು ಮೋಸಹೋಗುವುದು ಇಲ್ಲೇ.

ಚಕ್ರ ಬಿಚ್ಚುವುದಾದರೆ ಸಮತಟ್ಟು ನೆಲ, ಹಿಂದಿನ ಚಕ್ರಕ್ಕೆ ಕಲ್ಲು, ಜಾಕಿಯ ಜೊತೆಗೆ ಸ್ಟ್ಯಾಂಡ್ ಕಡ್ಡಾಯ. ನಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸಿ. ಬಿಚ್ಚಿದ ಕ್ಯಾಲಿಪರನ್ನು ಬ್ರೇಕ್ ಹೋಸಿನಲ್ಲಿ ಜೋತು ಬಿಡದೆ ತಂತಿಯಿಂದ ಕಟ್ಟಿ. ಪಿನ್ ಒರೆಸಿ, ಕಡಲೆಕಾಳಿನಷ್ಟು ಸಿಲಿಕೋನ್ ಬ್ರೇಕ್ ಗ್ರೀಸನ್ನು ತೆಳ್ಳಗೆ ಸವರಿದರೆ ಸಾಕು. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸು ಬೇಡ, ರಬ್ಬರ್ ಉಬ್ಬಿ ಪಿನ್ ಮತ್ತೆ ಸಿಕ್ಕಿಕೊಳ್ಳುತ್ತದೆ. ಸದ್ದು ಅಡಗಲೆಂದು ಡಿಸ್ಕಿಗೆ ಎಣ್ಣೆ ಬಿಡುವವರಿದ್ದಾರೆ. ಸದ್ದಿನ ಜೊತೆ ಬ್ರೇಕೂ ಹೋಗುತ್ತದೆ, ದಯವಿಟ್ಟು ಯಾರೂ ಮಾಡಬೇಡಿ. ಎಲ್ಲ ಜೋಡಿಸಿದ ಮೇಲೆ, ಕಾರು ಕದಲುವ ಮುನ್ನ, ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡಬೇಕು.

ಪ್ಯಾಡಿನ ಮುಖ ಗಾಜಿನಂತೆ ಹೊಳೆಯುತ್ತಿದ್ದರೆ ಅದು ಘಾಟಿಯ ಕಾಣಿಕೆ. ಕೊಟ್ಟಿಗೆಹಾರದಿಂದ ಚಾರ್ಮಾಡಿಯನ್ನೋ ಸಕಲೇಶಪುರದಿಂದ ಶಿರಾಡಿಯನ್ನೋ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಪ್ಯಾಡಿನ ರಾಳ ಕಾದು ಮೇಲ್ಮೈ ನುಣುಪಾಗುತ್ತದೆ. ಹತ್ತುವ ಗೇರಿನಲ್ಲೇ ಇಳಿಯಬೇಕು ಎಂದು ಹಳೆಯ ಡ್ರೈವರುಗಳು ಹೇಳುವುದು ಪೂರ್ತಿ ನಿಜ. ಎರಡನೇ ಗೇರು ಹಿಡಿಯುವಷ್ಟನ್ನು ಪ್ಯಾಡ್ ಹಿಡಿಯಬೇಕಿಲ್ಲ. ಹೊಳಪು ತೆಳುವಾಗಿದ್ದರೆ 120ರ ಉಪ್ಪುಕಾಗದವನ್ನು ಗಾಜಿನ ತುಂಡಿನ ಮೇಲಿಟ್ಟು, ಮಾಸ್ಕ್ ಹಾಕಿಕೊಂಡು ಹಗುರವಾಗಿ ಉಜ್ಜಬಹುದು. ಬಿರುಕು ಬಿಟ್ಟಿದ್ದರೆ ಎಡಬಲ ಎರಡೂ ಚಕ್ರದ ಪ್ಯಾಡ್ ಒಟ್ಟಿಗೆ ಬದಲಿಸಿ. ಡಿಸ್ಕಿನ ಕನಿಷ್ಠ ದಪ್ಪ ಅದರ ಮೇಲೆಯೇ ಅಚ್ಚೊತ್ತಿರುತ್ತದೆ, ಅದನ್ನೂ ಅಳೆಸಿ. ಹೊಸ ಪ್ಯಾಡನ್ನು ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ಕ್ಕೆ ಇಳಿಸುತ್ತಾ, ಪೂರ್ತಿ ನಿಲ್ಲಿಸದೆ, ನಡುನಡುವೆ ಅರ್ಧ ನಿಮಿಷ ಆರಲು ಬಿಟ್ಟು ಎಂಟು ಹತ್ತು ಸಲ ಪಳಗಿಸಬೇಕು.

ಕಾರು ತೊಳೆದ ದಿನ, ಮಳೆಯಲ್ಲಿ ನೆನೆದ ದಿನ, ಮನೆ ಹತ್ತಿರವಾಗುತ್ತಿದ್ದಂತೆ ಬ್ರೇಕನ್ನು ನಾಲ್ಕು ಸಲ ಹಗುರವಾಗಿ ಒತ್ತಿ ಒಣಗಿಸಿ. ಸಮತಟ್ಟು ಅಂಗಳದಲ್ಲಾದರೆ ರಾತ್ರಿ ಹ್ಯಾಂಡ್‌ಬ್ರೇಕಿನ ಬದಲು ಮೊದಲ ಗೇರಿಗೆ ಹಾಕಿ, ಚಕ್ರದ ಎರಡೂ ಬದಿಗೆ ಕಲ್ಲು ಕೊಡಿ. ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ತುಕ್ಕು ಹಿಡಿದು ಶೂ ಡ್ರಮ್ಮಿಗೇ ಕಚ್ಚಿಕೊಳ್ಳಬಹುದು. ಹಾಗೆ ಕಚ್ಚಿಕೊಂಡಿದ್ದರೆ ಆಕ್ಸಿಲರೇಟರ್ ಜೋರಾಗಿ ಒತ್ತಬೇಡಿ. ರಿವರ್ಸಿಗೊಮ್ಮೆ, ಮೊದಲ ಗೇರಿಗೊಮ್ಮೆ ಹಾಕಿ ಮೆಲ್ಲಗೆ ಕದಲಿಸಿದರೆ ಟಕ್ ಎಂದು ಬಿಟ್ಟುಕೊಳ್ಳುತ್ತದೆ.