ಉದ್ಯಾನದ ಸಸ್ಯವೈವಿಧ್ಯ ಕಣ್ಣಿಗೆ ಬೀಳುವಂತಿರಲಿ

ಉದ್ಯಾನದಲ್ಲಿ ನೂರು ಜಾತಿಯ ಗಿಡಗಳಿವೆ ಎಂದು ಕಡತ ಹೇಳಬಹುದು. ಬೆಂಚಿನ ಮೇಲೆ ಕೂತವರಿಗೆ ಅವುಗಳಲ್ಲಿ ಎಷ್ಟು ಕಾಣುತ್ತವೆ? ಮನಸ್ಸಿನ ಲೆಕ್ಕಕ್ಕೆ ಬರುವುದು ಅಷ್ಟೇ.

ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ನಡೆದ ಎರಡು ಅಧ್ಯಯನಗಳನ್ನು ಈ ವಿಷಯದಲ್ಲಿ ಜೊತೆಗಿಟ್ಟು ಓದಬೇಕು. ಸಸ್ಯಜಾತಿಗಳು ಹೆಚ್ಚಿರುವ ಹಸಿರು ತಾಣಗಳಿಗೆ ಬಂದವರಿಗೆ ಮಾನಸಿಕ ಲಾಭವೂ ಹೆಚ್ಚು ಎಂದು 2007ರಲ್ಲಿ ಪ್ರಕಟವಾದದ್ದು ಹೇಳಿತು. ನದಿದಂಡೆಯ ತಾಣಗಳನ್ನು ನೋಡಿದ 2012ರ ಅಧ್ಯಯನದಲ್ಲಿ ಈ ನಂಟು ಸಿಗಲಿಲ್ಲ. ಆದರೆ 'ಇಲ್ಲಿ ಬಗೆಬಗೆಯ ಗಿಡಗಳಿವೆ' ಎಂದು ಯಾರಿಗೆ ಅನ್ನಿಸಿತ್ತೋ ಅವರಲ್ಲಿ ನೆಮ್ಮದಿ ಹೆಚ್ಚಿತ್ತು. ಅವರ ಅಂದಾಜಿಗೂ ನಿಜವಾದ ಎಣಿಕೆಗೂ ತಾಳೆಯಾಗುತ್ತಿರಲಿಲ್ಲ. ಎರಡು ಅಧ್ಯಯನಗಳೂ ಒಂದು ಹೊತ್ತಿನ ಚಿತ್ರಗಳಷ್ಟೇ, ಯಾವುದರಿಂದ ಯಾವುದಾಯಿತು ಎಂದು ಹೇಳಲಾರವು. ನೆಮ್ಮದಿಯಿದ್ದವರೇ ಅಂಥ ಜಾಗ ಆರಿಸಿಕೊಂಡಿರಲೂಬಹುದು. ಆದರೂ ಗಿಡ ನೆಡಿಸುವವರಿಗೆ ಇದರಲ್ಲಿ ಪಾಠವಿದೆ.

ವೈವಿಧ್ಯ ಕಾಣಿಸುವುದು ಎಲೆಯಿಂದ. ಹೂವು ಕೆಲವು ವಾರ ಇದ್ದು ಹೋಗುತ್ತದೆ, ಎಲೆ ಬಹುಕಾಲ ನಿಲ್ಲುತ್ತದೆ. ಅಗಲ ಎಲೆಯ ಪಕ್ಕ ಸಣ್ಣ ಎಲೆ, ನೆಟ್ಟಗೆ ನಿಲ್ಲುವ ಹುಲ್ಲಿನ ಪಕ್ಕ ಹಬ್ಬುವ ಗಿಡ, ಹೀಗಿದ್ದರೆ ನಡೆಯುತ್ತಲೇ ವ್ಯತ್ಯಾಸ ಹೊಳೆಯುತ್ತದೆ. ದಾರಿಯ ಬದಿಯ ಮೂರು ಮೀಟರ್ ಅಗಲದ ಪಾತಿಯಲ್ಲಿ ಮುಂದೆ 30 ಸೆಂ.ಮೀ. ಒಳಗಿನವು, ನಡುವೆ 60ರಿಂದ 75 ಸೆಂ.ಮೀ.ನವು, ಹಿಂದೆ ಪೊದೆ, ಅದರ ಮೇಲೆ ಮರ. ಒಂದೊಂದು ಜಾತಿಯನ್ನೂ ಐದರಿಂದ ಏಳು ಗಿಡಗಳ ಗುಂಪಾಗಿ ನೆಟ್ಟು, ಆ ಗುಂಪನ್ನು ಸ್ವಲ್ಪ ದೂರ ಬಿಟ್ಟು ಮತ್ತೆ ಬರುವಂತೆ ಮಾಡಿ. ಜಾತಿಗೊಂದರಂತೆ ನೆಟ್ಟರೆ ಪಾತಿ ನರ್ಸರಿಯ ಮಾರಾಟದ ಸಾಲಿನಂತಾಗುತ್ತದೆ, ಕಣ್ಣು ಎಲ್ಲೂ ನಿಲ್ಲುವುದಿಲ್ಲ.

ಹೂವಿನ ಮಾತಿಗೆ ಬಂದರೆ, 2017ರ ಬ್ರಿಟಿಷ್ ಅಧ್ಯಯನವೊಂದರಲ್ಲಿ ಹೂವು ಪಾತಿಯ ಶೇ. 27ಕ್ಕಿಂತ ಹೆಚ್ಚು ಭಾಗ ಆವರಿಸಿದಾಗ ಜನರ ಮೆಚ್ಚುಗೆ ಎದ್ದು ಕಂಡಿತು. ಮನಸ್ಸಿಗೆ ವಿಶ್ರಾಂತಿ ಕೊಟ್ಟದ್ದು ಮಾತ್ರ ಹಸಿರು ಹಿನ್ನೆಲೆ. ಹಾಗಾಗಿ ಗಾಢ ಬಣ್ಣಗಳು ಪ್ರವೇಶದ್ವಾರ, ದಾರಿ ಕೂಡುವ ಕಡೆ ಇರಲಿ. ಬೆಂಚಿನ ಎದುರು ಹಸಿರಿನ ಹಲವು ಛಾಯೆಗಳಿರಲಿ. ಗಾಳಿಯಲ್ಲಿ ಪರಾಗ ತೂರುವ ಮರಗಳನ್ನು ಬೆಂಚುಗಳಿಂದ ದೂರವಿಡಿ.

ಕೆಡುವುದು ಹೆಚ್ಚಾಗಿ ನಿರ್ವಹಣೆಯಲ್ಲಿ. ಬೇಲಿ ಕತ್ತರಿಸುವ ಯಂತ್ರ ಹಿಡಿದು ಐದು ಜಾತಿಯ ಪೊದೆಗಳನ್ನೂ ಒಂದೇ ಎತ್ತರಕ್ಕೆ ಬೋಳಿಸಿದರೆ ಮೊಗ್ಗೂ ಹೋಯಿತು, ಆಕಾರವೂ ಹೋಯಿತು. ಉಳಿಯುವುದು ಹಸಿರು ಗೋಡೆ. ಗುತ್ತಿಗೆಯಲ್ಲಿ 'ಸ್ವಚ್ಛವಾಗಿಡುವುದು' ಎಂದಷ್ಟೇ ಬರೆದರೆ ಕೆಲಸಗಾರರು ಇದನ್ನೇ ಮಾಡುತ್ತಾರೆ, ಅವರನ್ನು ದೂರಿ ಫಲವಿಲ್ಲ. ಯಾವ ಗಿಡವನ್ನು ಯಾವಾಗ (ಹೂ ಮುಗಿದ ಮೇಲೆ), ಎಷ್ಟು ಕತ್ತರಿಸಬೇಕು ಎಂದು ಜಾತಿವಾರು ಬರೆದುಕೊಡಿ. ತಾನಾಗಿ ಹುಟ್ಟಿದ, ಉಳಿಸಬೇಕಾದ ಸಸಿಗಳಿಗೆ ಗೂಟ ನೆಡಿ. ಎತ್ತರದ ಹುಲ್ಲನ್ನು ಒಮ್ಮೆಗೆ ಮೂರರಲ್ಲೊಂದು ಭಾಗ ಮಾತ್ರ ಕೊಯ್ಯಿಸಿ, ದಾರಿಯಂಚಿನ ಒಂದು ಮೀಟರ್ ಪಟ್ಟಿಯನ್ನು ಮಾತ್ರ ಸದಾ ನೀಟಾಗಿಡಿ. ಆ ಅಂಚೊಂದಿದ್ದರೆ ಒಳಗಿನ ಕಾಡುತನ ನಿರ್ಲಕ್ಷ್ಯದಂತೆ ಕಾಣದೆ ಬೇಕೆಂದೇ ಬಿಟ್ಟದ್ದಾಗಿ ಕಾಣುತ್ತದೆ. ಭೂದೃಶ್ಯ ವಿನ್ಯಾಸಜ್ಞೆ ಜೋನ್ ನಸಾವರ್ 1995ರಲ್ಲೇ ಇದನ್ನು ವಿವರಿಸಿದ್ದರು.

ಭಯದ ವಿಷಯವನ್ನಂತೂ ಹಗುರವಾಗಿ ನೋಡುವ ಹಾಗಿಲ್ಲ. ದಾರಿಯ ಎರಡೂ ಬದಿ ಪೊದೆ ಆಳೆತ್ತರ ಬೆಳೆದರೆ, ಒಬ್ಬರೇ ಬರುವವರು, ಅದರಲ್ಲೂ ಹೆಂಗಸರು, ಆ ದಾರಿಯನ್ನೇ ಬಿಡುತ್ತಾರೆ. ದಾರಿಯ ಪಕ್ಕ 75 ಸೆಂ.ಮೀ. ಕೆಳಗೆ ಪೊದೆ, ಎರಡು ಮೀಟರ್ ಮೇಲೆ ಕೊಂಬೆ. ನಡುವೆ ನೋಟಕ್ಕೆ ಬಯಲು.

ಮರಗಳಿಗೆ ಅಮೆರಿಕದ ಸಸ್ಯ ತಳಿವಿಜ್ಞಾನಿ ಫ್ರಾಂಕ್ ಸಾಂಟಮೋರ್ 1990ರಲ್ಲಿ ಸೂಚಿಸಿದ ಮಿತಿ ಈಗಲೂ ಉಪಯುಕ್ತ: ಒಟ್ಟು ಮರಗಳಲ್ಲಿ ಒಂದು ಜಾತಿ ಶೇ. 10, ಒಂದು ಕುಲ (ಹತ್ತಿರದ ಜಾತಿಗಳ ಗುಂಪು) ಶೇ. 20, ಒಂದು ಕುಟುಂಬ (ಹತ್ತಿರದ ಕುಲಗಳ ಗುಂಪು) ಶೇ. 30 ಮೀರಬಾರದು. ಅದು ಕೀಟ, ರೋಗದ ವಿರುದ್ಧದ ವಿಮೆ, ನೆಮ್ಮದಿಯ ಅಳತೆಗೋಲಲ್ಲ.

ಫಲ ತಿಳಿಯಲು 'ಪಾರ್ಕ್ ಇಷ್ಟವಾಯಿತೇ' ಎಂದು ಕೇಳಬೇಡಿ, ಹೌದೆಂದೇ ಉತ್ತರ ಬರುತ್ತದೆ. ಒಳಬರುವಾಗ ಮತ್ತು ಹೊರಹೋಗುವಾಗ ಅದೇ ವ್ಯಕ್ತಿಗೆ ಆಯಾಸ, ಕಳವಳ, ಉಲ್ಲಾಸಕ್ಕೆ ಒಂದರಿಂದ ಐದರವರೆಗೆ ಎಷ್ಟು ಅಂಕ ಎಂದು ಕೇಳಿ. ಹೊರಗೆ ಹೋಗುವಾಗ ಎಷ್ಟು ಬಗೆಯ ಗಿಡ ಕಂಡಿರಿ ಎಂದೂ ಕೇಳಿ. ನೆಡುವ ಮೊದಲು ಒಮ್ಮೆ, ಗಿಡಗಳು ಮೈತುಂಬಿದ ಮೇಲೆ ಅದೇ ಋತುವಿನಲ್ಲಿ, ಅದೇ ಹೊತ್ತಿನಲ್ಲಿ ಇನ್ನೊಮ್ಮೆ. ಅಂಕಗಳು ಏಳದಿದ್ದರೆ ಮೊದಲು ನೆರಳು ಮತ್ತು ಸದ್ದು ಪರಿಶೀಲಿಸಿ, ಆಮೇಲೆ ಗಿಡಗಳ ಪಟ್ಟಿಗೆ ಕೈಹಾಕಿ.